ಕಾಗದದ ನಕ್ಷೆ, ಗಾಜಿನ ನಕ್ಷೆ

ನನ್ನ ಸಿಟ್ಟು ಇಡೀ ಶಹಾಪುರಕ್ಕೆ ಗೊತ್ತು. ಹತ್ತಿ ಮಿಲ್ಲಿನಲ್ಲಿ ಹಮಾಲರ ಮೇಲೆ, ಮನೆಯಲ್ಲಿ ಹೆಂಡತಿಯ ಮೇಲೆ, ರಸ್ತೆಯಲ್ಲಿ ಅಡ್ಡ ಬಂದ ಟಂಟಂನವರ ಮೇಲೆ ಹರಿಯುವ ಸಿಟ್ಟು ಅದು. ಅದು ಇಳಿಯುತ್ತಿದ್ದದ್ದು ನಾನು ನೆಲ ಬಿಟ್ಟು ಮೇಲೇರಿದಾಗ ಮಾತ್ರ. ಪ್ರತಿ ಭಾನುವಾರ ಬೆಳಿಗ್ಗೆ ಮೈಕ್ರೋಲೈಟ್ ಹಾರಿಸುತ್ತಿದ್ದೆ. ಮೇಲೊಂದು ಬಟ್ಟೆಯ ರೆಕ್ಕೆ, ಕೆಳಗೆ ಮೂರು ಗಾಲಿ, ಹಿಂದೊಂದು ಎಂಜಿನ್, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಜನ ಅದನ್ನು ಪರಮಣ್ಣನ ಹಾರೋ ಆಟೋ ಎನ್ನುತ್ತಿದ್ದರು.

ಹಿಂದಿನ ಸೀಟು ಮರಿಲಿಂಗಪ್ಪನದು. ಸುರಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದು ನಿವೃತ್ತನಾಗಿ ಯಾದಗಿರಿಗೆ ಬಂದು ನೆಲೆಸಿದ್ದ. ಅವನ ಕೈ ಮುಟ್ಟದೆ ನನ್ನ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ನನ್ನ ಬೈಗುಳ ಕೇಳಿಯೂ ನನ್ನ ಜೊತೆ ಉಳಿದವನು ಅವನೊಬ್ಬನೇ.

ಆ ವರ್ಷ ನಮ್ಮಿಬ್ಬರ ಜಗಳ ನಕ್ಷೆಯದು. ನನ್ನದು ಕಾಗದದ ನಕ್ಷೆ. ಅದು ಅಚ್ಚಾದಾಗ ಈ ಸೀಮೆಗೆ ಕೆನಾಲ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಕಾಲುವೆ, ಉಪಕಾಲುವೆಗಳನ್ನೆಲ್ಲ ನಾನೇ ಹಾರಿ ಹಾರಿ ನೋಡಿ ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದೆ. ಕಾಲುವೆಯ ದಂಡೆಯ ರಸ್ತೆಗೆ ಎಲ್ಲೆಲ್ಲಿ ಕರೆಂಟಿನ ತಂತಿ ಅಡ್ಡ ಹಾದಿದೆಯೋ ಅಲ್ಲಲ್ಲಿ ಕೆಂಪು ಪೆನ್ನಿನಿಂದ ಕತ್ತರಿ ಗುರುತು ಹಾಕಿದ್ದೆ. ಅಲ್ಲಿ ಇಳಿದರೆ ಸಾವು ಎಂದು ಅದರ ಅರ್ಥ. ಮರಿಲಿಂಗಪ್ಪ ಇದನ್ನೆಲ್ಲ ಬಿಟ್ಟು ಟ್ಯಾಬ್ ತಗೋ ಎಂದು ಗಂಟುಬಿದ್ದಿದ್ದ. ಕೊನೆಗೆ ತಾನೇ ಒಂದನ್ನು ತಂದು ಹಾರಾಟದ ನಕ್ಷೆ ಹಾಕಿಸಿದ. ಅದರ ಜೊತೆಗೆ ಮೇಲಿನಿಂದ ತೆಗೆದ ಉಪಗ್ರಹದ ಚಿತ್ರವನ್ನೂ ತುಂಬಿಸಿಕೊಂಡ.

"ಆ ಹಾಳೀನ ಗಾಳಿ ಕಸ್ಕೊಂಡ್ ಹೋದ್ರ ಏನ್ ಮಾಡ್ತಿ? ಇದರಾಗ ನಾವು ಎಲ್ಲಿ ಅದೀವಂತ ಚುಕ್ಕಿ ತೋರಸ್ತದ" ಎಂದ.

"ನಾ ಎಲ್ಲಿ ಅದೀನಂತ ನನಗ ಗೊತ್ತದಲೇ. ನಿನಗ ಗೊತ್ತಿಲ್ಲಂದ್ರ ಆ ಆಟಗಿ ಸಾಮಾನು ನೀನ ಇಟ್ಕೋ."

ಕೊನೆಗೆ ಒಂದು ಒಪ್ಪಂದವಾಯಿತು. ಮಾರ್ಚ್ ತಿಂಗಳ ಆ ಭಾನುವಾರ ಕಾಗದ ನನ್ನ ತೊಡೆಯ ಮೇಲೆ, ಟ್ಯಾಬ್ ಅವನ ಮಡಿಲಲ್ಲಿ ಇಟ್ಟುಕೊಂಡು ಹಾರುವುದೆಂದು ತೀರ್ಮಾನಿಸಿದೆವು.

ಹುಣಸಗಿ ದಾಟಿದ ಮೇಲೆ ಎಂಜಿನ್ ಕೆಮ್ಮತೊಡಗಿತು. ಪೆಟ್ರೋಲಿನ ಫಿಲ್ಟರಿನಲ್ಲಿ ಕಸ ಸಿಕ್ಕಿದೆ ಎಂದು ಮರಿಲಿಂಗಪ್ಪ ಹಿಂದಿನಿಂದಲೇ ಹೇಳಿದ. ಇಳಿಯಲೇಬೇಕಿತ್ತು. ಒಂದು ಉಪಕಾಲುವೆಯ ಮೇಲೆ ಸುತ್ತು ಹೊಡೆಯುತ್ತ, ನಕ್ಷೆಯ ಕೆಂಪು ಗುರುತು ನೋಡುತ್ತ, ಎರಡು ಗುರುತುಗಳ ನಡುವಿನ ಖುಲ್ಲಾ ರಸ್ತೆಗೆ ಇಳಿಸಿದೆ. "ನೋಡಿದೇನ, ಯಾವ್ದು ಉಳಸ್ತು?" ಎಂದು ಹಿಂದೆ ತಿರುಗಿ ಹಲ್ಲು ಕಿರಿದೆ. ಅವನು ಟ್ಯಾಬನ್ನು ಸೀಟಿನ ಚೀಲಕ್ಕೆ ತುರುಕಿ, ಇಳಿದು ಫಿಲ್ಟರ್ ಬಿಚ್ಚತೊಡಗಿದ.

ಹೊಲಗಳಿಂದ ಜನ ಓಡಿ ಬಂದರು. ನೋಡಲು ಬಂದವರಲ್ಲ ಎಂದು ಕೈಯಲ್ಲಿದ್ದ ಬಡಿಗೆಗಳನ್ನು ಕಂಡ ಕೂಡಲೇ ತಿಳಿಯಿತು. ಅದು ಕಾಲುವೆಯ ಕೊನೆಯ ಊರು. ಕೊನೆಯ ಊರಿಗೆ ನೀರು ಬರುವುದು ಮೇಲಿನ ಊರಿನವರು ಬಿಟ್ಟರೆ ಮಾತ್ರ. ಆ ವರ್ಷ ಹನಿ ನೀರು ಬಂದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಕಾಲುವೆಯ ತಳದಲ್ಲಿ ಪಾಚಿ ಒಣಗಿ ಸಿಪ್ಪೆ ಎದ್ದಿತ್ತು. ನನಗೆ ಆಮೇಲೆ ತಿಳಿದಂತೆ, ಹಿಂದಿನ ತಿಂಗಳು ಇವರೆಲ್ಲ ಸೇರಿ ಮೇಲಿನ ಊರಿಗೆ ನುಗ್ಗಿ ಬಡಿದಾಡಿ ಬಂದಿದ್ದರು. ಇದರ ಮೇಲೆ, ಲೆಕ್ಕಕ್ಕಿಲ್ಲದ ತೂಬುಗಳನ್ನೆಲ್ಲ ಸರ್ವೇ ಮಾಡಿ ಮುಚ್ಚುತ್ತಾರೆ ಎಂಬ ಗಾಳಿಸುದ್ದಿ ಬೇರೆ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ನಾನು ಅವರ ನೆತ್ತಿಯ ಮೇಲೆ ಸುತ್ತು ಹೊಡೆದು ಇಳಿದಿದ್ದೆ.

ಎಲ್ಲರಿಗಿಂತ ಮುಂದೆ ಬಂದವನು ದ್ಯಾವಪ್ಪ ಎಂಬವನು. ಎತ್ತಿನಂಥ ಆಳು, ಕೈಯಲ್ಲಿ ಗುದ್ದಲಿಯ ಕಾವು. "ಸರ್ವೇ ಮಾಡಾಕ ಬಂದಾರ ಮಕ್ಳು! ಮ್ಯಾಲಿಂದ ಫೋಟೋ ಹೊಡ್ಯಾಕತ್ತಾರ!" ಎಂದು ಅವನೇ ಮೊದಲು ಕೂಗಿದ್ದು.

"ಸರ್ವೇ ಅಲ್ರೀ, ಎಂಜಿನ್ ಕೆಟ್ಟದ. ಶಹಾಪುರದಾಗ ನನ್ನ ಹತ್ತಿ ಮಿಲ್ಲದ" ಎಂದೆ.

ಗುಂಪಿನಿಂದ ಒಬ್ಬ ಹೆಂಗಸು ಬಂದು ನನ್ನ ತೊಡೆಯ ಮೇಲಿನ ನಕ್ಷೆಯನ್ನು ಬಗ್ಗಿ ನೋಡಿದಳು. ಆಕೆ ಕರೆಮ್ಮ. ಮೇಲಿನ ಊರಿನ ಬಡಿದಾಟದಲ್ಲಿ ಗಂಡನ ಕಾಲು ಮುರಿದು ಅವನು ಮನೆ ಹಿಡಿದಿದ್ದ; ಹೊಲ, ಜಗಳ ಎರಡಕ್ಕೂ ಈಗ ಆಕೆಯೇ ಬರುತ್ತಿದ್ದಳು. ಈ ಸೀಮೆಯ ರೈತರು ನೀರಾವರಿ ಕಚೇರಿಯ ಗೋಡೆಯ ನಕ್ಷೆ ನೋಡುತ್ತಲೇ ಅರ್ಧ ಆಯುಷ್ಯ ಕಳೆದವರು. ಅವರಿಗೆ ನೀಲಿ ಗೆರೆ ಎಂದರೆ ಕೆನಾಲ್, ಅದರ ಮೇಲೆ ಕೆಂಪು ಕತ್ತರಿ ಎಂದರೆ ಬಂದಾಗುವ ತೂಬು. ನನ್ನ ತಂತಿಯ ಗುರುತುಗಳನ್ನು ಕರೆಮ್ಮ ಹಾಗೆಯೇ ಓದಿದಳು.

"ಇದು ನಮ್ ತೂಬು. ಇದು ಹನುಮಪ್ಪನ ಗುಡಿ ಮುಂದಿಂದು. ಎಲ್ಲಾದಕ್ಕೂ ಕತ್ತರಿ ಹಾಕ್ಯಾರ!" ಎಂದು ಆಕೆ ನಕ್ಷೆಯನ್ನು ಎಳೆದು ಎತ್ತಿ ಹಿಡಿದಳು.

ಅವು ತಂತಿಯ ಗುರುತು ಎಂದು ಸಮಾಧಾನದಿಂದ ಹೇಳಬೇಕಿತ್ತು. ಆದರೆ ದ್ಯಾವಪ್ಪ ನಕ್ಷೆಯನ್ನು ಕಸಿದು ಎರಡು ತುಂಡು ಮಾಡಿದ. ಎಷ್ಟೋ ಭಾನುವಾರಗಳ ಗೆರೆಗಳು ನನ್ನ ಕಣ್ಣೆದುರೇ ಹರಿದುಹೋದವು. ನಾನು ಇಳಿದವನೇ ಅವನ ಕಪಾಳಕ್ಕೆ ಬಾರಿಸಿದೆ.

ಮುಂದಿನದೆಲ್ಲ ಹೊಡೆತ. ಯಾರೋ ಬೆನ್ನಿಗೆ ಬಡಿದರು, ಯಾರೋ ಕಾಲು ಎಳೆದರು. ನನ್ನ ಬಾಯಿಗೆ ಬಿದ್ದ ಗುದ್ದಿಗೆ ಮುಂದಿನ ಹಲ್ಲು ಕಳಚಿ ನಾಲಿಗೆಯ ಮೇಲೆ ಬಂತು. ದ್ಯಾವಪ್ಪ ಗುದ್ದಲಿಯ ಕಾವನ್ನು ನನ್ನ ತಲೆಯ ಮೇಲೆ ಎತ್ತಿದಾಗ, ಆಗಷ್ಟೇ ಫಿಲ್ಟರ್ ಕೂಡಿಸಿ ಎದ್ದ ಮರಿಲಿಂಗಪ್ಪ ಕೈ ಅಡ್ಡ ಹಿಡಿದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಅವನು ಬಗ್ಗಿದ; ದ್ಯಾವಪ್ಪ ಪಕ್ಕೆಗೆ ಒದ್ದ, ಮತ್ತೆ ಒದ್ದ. ನಮ್ಮ ಫೋನುಗಳನ್ನು ಯಾರೋ ಕಿತ್ತುಕೊಂಡರು.

ದ್ಯಾವಪ್ಪ ಸೀಟಿನ ಪಕ್ಕದ ಪೆಟ್ರೋಲ್ ಕ್ಯಾನನ್ನು ಎಳೆದು ಸೀಟುಗಳ ಮೇಲೆ ಸುರಿದ. "ಸುಡ್ರಿ ಇದನ್ನ. ಮತ್ತ ಯಾವಾಗೂ ಯಾರೂ ಮ್ಯಾಲಿಂದ ನೋಡಬಾರ್ದು!"

ಮರಿಲಿಂಗಪ್ಪ ತೆವಳುತ್ತ ಹೋಗಿ ಗಾಲಿಯ ಅಚ್ಚನ್ನು ತಬ್ಬಿ ಮಲಗಿಬಿಟ್ಟ. ಎಂಜಿನ್ ಅವನಿಗೆ ಮಗ ಇದ್ದ ಹಾಗೆ. ಕೂದಲು ಹಿಡಿದು ಎಳೆದರೂ ಬಿಡಲಿಲ್ಲ.

"ಇವನ್ನೂ ಕೂಡೇ ಸುಡ್ರಿ" ಎಂದ ದ್ಯಾವಪ್ಪ. ಒಬ್ಬ ಬೆಂಕಿಪೊಟ್ಟಣ ಚಾಚಿದ.

ನನ್ನನ್ನು ಇಬ್ಬರು ನೆಲಕ್ಕೆ ಒತ್ತಿ ಹಿಡಿದಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹೆದರಿಕೆ ಒಂದೇ ಉಳಿದಿತ್ತು. "ತಾಯೀ!" ಎಂದು ಕರೆಮ್ಮನನ್ನು ಕೂಗಿದೆ. "ಆ ಸೀಟಿನ ಚೀಲದಾಗ ಗಾಜಿನ ನಕ್ಷೆ ಅದ ನೋಡವ್ವಾ. ಅದರಾಗ ಒಂದರ ಕತ್ತರಿ ಗುರ್ತು ಅದ ಏನು ನೋಡು. ಇದ್ರ ನಮ್ಮಿಬ್ಬರ್ನೂ ಸುಡ್ರಿ!"

ಹಿಂದೆ ಆಟಿಕೆ ಸಾಮಾನು ಎಂದು ಬೈದ ಅದೇ ಟ್ಯಾಬನ್ನು ನಾನೀಗ ದೇವರಂತೆ ಕರೆಯುತ್ತಿದ್ದೆ. ಕರೆಮ್ಮ ಕೈಯೆತ್ತಿ ಕಡ್ಡಿ ಗೀರುವವನನ್ನು ತಡೆದಳು. ಟ್ಯಾಬ್ ತೆಗೆದಳು. ಹಾರಾಟದ ನಕ್ಷೆಯಲ್ಲಿ ಆಕೆಗೆ ಏನೂ ತಿಳಿಯಲಿಲ್ಲ. ಮೂಲೆಯ ಗುಂಡಿ ಒತ್ತು ಎಂದೆ. ಉಪಗ್ರಹದ ಚಿತ್ರ ತೆರೆಯಿತು. ಎಲ್ಲರೂ ಮುಗಿಬಿದ್ದರು. ಹನುಮಪ್ಪನ ಗುಡಿ ಕಂಡಿತು, ಗುಡಿಯ ಹಿಂದಿನ ಹುಣಸೆ ಗಿಡ ಕಂಡಿತು, ಕರೆಮ್ಮನ ಬೋಳು ಹೊಲ ಕಂಡಿತು. ಕತ್ತರಿ ಗುರುತು ಒಂದೂ ಇರಲಿಲ್ಲ. "ಖರೇ ಅದ ಬಿಡ್ರೋ, ಏನೂ ಇಲ್ಲ" ಎಂದು ಯಾರೋ ಅಂದರು. ನನ್ನನ್ನು ಹಿಡಿದ ಕೈಗಳು ಸಡಿಲವಾದವು.

ಕರೆಮ್ಮನ ಬೆರಳು ಮಾತ್ರ ನಿಲ್ಲಲಿಲ್ಲ. ತನ್ನ ಹೊಲದಿಂದ ಕಾಲುವೆಯ ಕಡೆಗೆ ಮೆಲ್ಲಗೆ ಸರಿಯಿತು. ಔಡಲ ಗಿಡಗಳು ದಟ್ಟವಾಗಿ ಸುತ್ತುಗಟ್ಟಿದ ಒಂದು ಹೊಲದ ನಡುವೆ ದೊಡ್ಡದೊಂದು ನೀಲಿ ಚೌಕ ಇತ್ತು. ಕಾಲುವೆಯಿಂದ ಅಲ್ಲಿಯವರೆಗೆ ಸಣ್ಣ ಗೆರೆ, ಅಗೆದು ಮುಚ್ಚಿದ ಪೈಪಿನ ಹಾದಿ.

"ಇದು ಯಾರ ಹೊಲ?" ಎಂದಳು ಆಕೆ. ಯಾರ ಹೊಲವೆಂದು ಆಕೆಗೆ ಗೊತ್ತಿತ್ತು. "ದ್ಯಾವಪ್ಪಾ, ಇದು ನಿನ್ನ ಹೊಲ. ಇದು ನೀರಿನ ಹೊಂಡ. ಬಂದ ನೀರ ರಾತ್ರೋರಾತ್ರಿ ಇದಕ್ಕ ಇಳಿಸೀದಿ."

"ಹಳೀ ಚಿತ್ರ ಅದು. ಸುಳ್ಳದು" ಎಂದ ದ್ಯಾವಪ್ಪ.

"ಮ್ಯಾಲಿನ ಊರಾವ್ರು ನೀರ ಕದ್ದಾರಂತ ನೀನ ಕರ್ಕೊಂಡ್ ಹೋದಿ. ನನ್ನ ಗಂಡನ ಕಾಲ ಮುರೀತು."

ದ್ಯಾವಪ್ಪ ಟ್ಯಾಬ್ ಕಸಿಯಲು ಹಾರಿದ. ಅವನು ಸುಮ್ಮನೆ ನಿಂತಿದ್ದರೆ ಅರ್ಧ ಜನ ನಂಬುತ್ತಿರಲಿಲ್ಲವೇನೋ. ಅವನು ಹಾರಿದ್ದನ್ನು ನೋಡಿ ಎಲ್ಲರೂ ನಂಬಿದರು. ಮೊದಲ ಬಡಿಗೆ ಅವನ ಹೆಗಲಿಗೆ ಬಿತ್ತು. ಅವನು ಓಡಿದ. ಇಡೀ ಗುಂಪು ಬೆನ್ನಟ್ಟಿತು. ಕರೆಮ್ಮ ಟ್ಯಾಬನ್ನು ನೆಲಕ್ಕೆ ಬಿಟ್ಟು ಕಲ್ಲು ಹುಡುಕುತ್ತ ಓಡಿದಳು.

ನಾನು ಟ್ಯಾಬ್ ಎತ್ತಿ ಅಂಗಿಯೊಳಗೆ ಸಿಕ್ಕಿಸಿಕೊಂಡೆ, ಮರಿಲಿಂಗಪ್ಪನನ್ನು ಎತ್ತಿ ಸೀಟಿಗೆ ಹಾಕಿದೆ, ಇಬ್ಬರ ತಲೆಗೂ ಹೆಲ್ಮೆಟ್ ಏರಿಸಿದೆ. ಸೀಟಿನ ಮೇಲಿನ ಪೆಟ್ರೋಲು ಆರಿತ್ತೋ ಇಲ್ಲವೋ ನೋಡಲಿಲ್ಲ. ಎಂಜಿನ್ ಹಿಡಿಯಿತು. ಎರಡು ನಿಮಿಷದಲ್ಲಿ ಮೇಲಿದ್ದೆವು.

ಮೇಲಿನಿಂದ ಎಲ್ಲ ಕಂಡಿತು. ದ್ಯಾವಪ್ಪ ತನ್ನದೇ ಹೊಂಡಕ್ಕೆ ಬಿದ್ದಿದ್ದ. ಹೊಂಡಕ್ಕೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ಏರಲು ಹೋದರೆ ಜಾರುತ್ತಿದ್ದ. ದಡಕ್ಕೆ ಕೈ ಹಚ್ಚಿದಾಗೆಲ್ಲ ಬಡಿಗೆ ಆ ಕೈಯ ಮೇಲೆ ಬೀಳುತ್ತಿತ್ತು. ನಾಲ್ಕೂ ಕಡೆಯಿಂದ ಕಲ್ಲು ಬೀಳುತ್ತಿದ್ದವು.

"ಇಳಸಲೇ ಪರಮ್ಯಾ" ಎಂದ ಮರಿಲಿಂಗಪ್ಪ, ಹೆಲ್ಮೆಟ್ಟಿನ ಮೈಕಿನಲ್ಲಿ.

"ನಿನ್ನ ಸುಡಾಕ ಬಂದಾಂವ ಅಂವ! ಸಾಯ್ಲಿ ಬಿಡು!" ಎಂದು ಶಹಾಪುರದ ಕಡೆಗೆ ವಿಮಾನದ ಮೂತಿ ತಿರುಗಿಸಿದೆ. ನನಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

"ಚಿತ್ರ ತೋರಿಸ್ದಾಂವ ನೀನು."

"ನಿನ್ನ ಉಳಿಸಾಕ ತೋರಿಸ್ದೆಲೇ!"

"ನಾ ಉಳದೆ. ಈಗ ಅವನ್ನ ಉಳಸು" ಎಂದ. ಆ ಮುದುಕ ನೋವಿನಿಂದ ಉಸಿರು ಬಿಗಿ ಹಿಡಿಯುವುದು ಕಿವಿಯಲ್ಲಿ ಕೇಳುತ್ತಿತ್ತು. ಬೈಯುತ್ತಲೇ ಹೊರಳಿಸಿದೆ.

ಹೊಂಡದ ಮೇಲೆ, ಜನರ ತಲೆ ತಾಕುವಷ್ಟು ತಗ್ಗಿಗೆ ಧುಮುಕಿದೆ. ಗುಂಪು ನೆಲಕ್ಕೆ ಬಿದ್ದು ಚದುರಿತು. ಎರಡನೇ ಸಲ ಧುಮುಕಿದಾಗ ಕಲ್ಲೊಂದು ರೆಕ್ಕೆಯನ್ನು ಹರಿದುಹಾಕಿತು. ಇನ್ನು ಹಾರುವಂತಿರಲಿಲ್ಲ. ಕರೆಮ್ಮನ ಒಣ ಹೊಲದಲ್ಲಿ ಬಿರುಕುಗಳ ಮೇಲೆ ಕುಕ್ಕರಿಸಿ ಇಳಿದೆ; ಮುಂದಿನ ಗಾಲಿ ಮುರಿದು ಉರುಳಿಹೋಯಿತು. ಗಾಳಿಗೆ ಹಾರದಂತೆ ವಿಮಾನವನ್ನು ಕಟ್ಟಿಹಾಕುವ ಹಗ್ಗ ತೆಗೆದುಕೊಂಡು ಹೊಂಡಕ್ಕೆ ಓಡಿದೆ. ಹೆಗಲಿಗೆ ಒಂದು ಕಲ್ಲು ಬಿತ್ತು, ಹುಬ್ಬಿಗೆ ಒಂದು ಬಿತ್ತು. ಬೀಳಲಿ ಎಂದು ಹಗ್ಗ ಎಸೆದೆ. ದ್ಯಾವಪ್ಪ ಮುಳುಗಿ ಎದ್ದು ಹಿಡಿದ. ಕುಂಟುತ್ತ ಹಿಂದೆಯೇ ಬಂದ ಮರಿಲಿಂಗಪ್ಪ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ಒರಗಿದ. ನನ್ನ ಅಂಗೈ ಸುಲಿದು ಹಗ್ಗ ರಕ್ತಕ್ಕೆ ಜಾರುತ್ತಿತ್ತು. ಅಂತೂ ಎಳೆದು ಹಾಕಿದೆವು.

ಅವನು ನೀರು ಕಾರಿದ. ಜನ ಮತ್ತೆ ಕಲ್ಲು ಹಿಡಿದು ಹತ್ತಿರ ಬಂದರು. ದ್ಯಾವಪ್ಪ ಮೊಣಕೈ ಊರಿ ತಲೆಯೆತ್ತಿ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದ.

"ನಂದೊಂದ ಹೊಂಡ ಅದ ಏನು?" ಎಂದ. "ಆ ಗಾಜಿನಾಗ ನಿಮ್ಮೂ ಕಾಣ್ತಾವ. ತಗೀರಿ. ಎಲ್ಲಾರ್ದೂ ತಗದು ನೋಡ್ರಿ!"

ಒಬ್ಬ ಕಲ್ಲು ಕೆಳಗೆ ಹಾಕಿ, ಎತ್ತು ಬಿಚ್ಚಿ ಬಂದೀನಿ ಎಂದು ಹೊರಟ. ಇನ್ನೊಬ್ಬ ನನ್ನ ಕೈಗೆ ಫೋನುಗಳನ್ನು ತುರುಕಿದ. "ಆದದ್ದು ಆತು ಸಾವ್ಕಾರ್ರ, ಬಂದ್ ಮಾಡ್ರಿ ಅದನ್ನ" ಎಂದ. ನೋಡುನೋಡುತ್ತಿದ್ದಂತೆ ಹೊಂಡದ ದಡ ಖಾಲಿಯಾಯಿತು.

ಉಳಿದವಳು ಕರೆಮ್ಮ. ಆಕೆಯ ಹೊಲದಲ್ಲಿ ಹೊಂಡ ಇರಲಿಲ್ಲ, ಪೈಪಿನ ಗೆರೆ ಇರಲಿಲ್ಲ. ಟ್ಯಾಬ್ ಎತ್ತಿಕೊಳ್ಳುವಾಗ ಅದನ್ನು ನಾನೇ ಚಿತ್ರದಲ್ಲಿ ನೋಡಿದ್ದೆ.

"ತೋರಸ್ರಿ ಅಣ್ಣಾರ" ಎಂದು ಕೈ ಚಾಚಿದಳು. "ಯಾರ್ಯಾರು ನನ್ನ ನೀರ ಕುಡದಾರ ನೋಡ್ತೀನಿ."

ತೋರಿಸಿದರೆ ಸಂಜೆಯೊಳಗೆ ಇನ್ನೊಂದು ಹೊಂಡದಲ್ಲಿ ಇನ್ನೊಬ್ಬ ಬೀಳುತ್ತಾನೆ, ಇಲ್ಲವೇ ಆಕೆಯನ್ನೇ ಯಾರಾದರೂ ತಳ್ಳುತ್ತಾರೆ ಎನಿಸಿತು. ನಾನು ಅಂಗಿಯೊಳಗಿನಿಂದ ಟ್ಯಾಬ್ ತೆಗೆಯುತ್ತಲೇ ಗುಂಡಿ ಒತ್ತಿ ಆರಿಸಿದೆ. "ಬ್ಯಾಟರಿ ಮುಗದದವ್ವಾ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಕಳ್ಳಗ ಹಗ್ಗ ಕೊಟ್ರಿ. ನನಗೊಂದು ಚಿತ್ರ ಕೊಡಾಕ ಆಗಲಿಲ್ಲೇನ್ರಿ?" ಎಂದಳು. ಆಕೆ ಮುರಿದ ಗಾಲಿಯನ್ನು ತನ್ನ ಹೊಲದಿಂದ ಎತ್ತಿ ತಂದು ನನ್ನ ಕಾಲ ಬಳಿ ಇಟ್ಟು ಹೋದಳು.

ಕಾಗದದ ನಕ್ಷೆಯ ತುಂಡುಗಳು ಅಲ್ಲಿಯೇ ಎಲ್ಲೋ ಹೋದವು. ಈಗ ನಾನೂ ಟ್ಯಾಬ್ ನೋಡಿಯೇ ಹಾರುತ್ತೇನೆ. ಮರಿಲಿಂಗಪ್ಪ ಸೆಟೆದ ಬೆರಳುಗಳಿಂದಲೇ ಎಂಜಿನ್ ನೋಡಿಕೊಳ್ಳುತ್ತಾನೆ. ಉಪಗ್ರಹದ ಚಿತ್ರವನ್ನು ಅಳಿಸಿ ಹಾಕಿಸಿದ್ದೇನೆ. ಆ ಊರು ಬಂದರೆ ಬಳಸಿಕೊಂಡು ಹೋಗುತ್ತೇನೆ. ಕಳೆದ ಸುಗ್ಗಿಯಲ್ಲಿ ಗಾಳಿಯ ದೆಸೆಯಿಂದ ಒಮ್ಮೆ ಅದರ ಮೇಲೆಯೇ ಹಾಯಬೇಕಾಯಿತು. ಎಲ್ಲರ ಹೊಲ ಹಸಿರಾಗಿತ್ತು. ಒಂದು ಬೋಳು ಹೊಲದಲ್ಲಿ ಒಬ್ಬ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು, ನಾನು ಮರೆಯಾಗುವವರೆಗೂ ನನ್ನನ್ನು ನೋಡುತ್ತ ನಿಂತಿದ್ದಳು.