ನೂರಾ ನಲವತ್ಮೂರು ಎಚ್ಚರಿಕೆಗಳು

ನೇರಳೆ, ಮತ್ತೆ ನೇರಳೆ, ಪರದೆಯ ಮೇಲೆ ನೇರಳೆ ಅಕ್ಷರಗಳು ಓಡುತ್ತಿವೆ, ವಾರ್ನಿಂಗ್, ವಾರ್ನಿಂಗ್, ನಾನು ಎಣಿಸುತ್ತಿಲ್ಲ, ಎಣಿಸುವುದು ಕಂಪೈಲರ್, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸಿಕೊಡುವ ಅದಕ್ಕೆ ಬೇಸರವೆಂಬುದಿಲ್ಲ, ನೂರಾ ನಲವತ್ಮೂರು ಎನ್ನುತ್ತದೆ, ಚಹಾದ ಮೇಲೆ ಕೆನೆ ಕಟ್ಟಿದೆ, ಲೋಟ ಬಿಸಿಯೋ ತಣ್ಣಗೋ ಬೆರಳಿಗೆ ತಿಳಿಯುತ್ತಿಲ್ಲ — ಗಂಟೆ ಒಂಬತ್ತೂವರೆ, ಹನ್ನೊಂದಕ್ಕೆ ವಿಚಾರಣೆ, ಮಂದಾಕಿನೀಜೀ, ಸಾಫ್ಟ್‌ವೇರ್ ಠೀಕ್ ಥಾ, ಬಸ್ ಇತನಾ ಬೋಲ್ ದೀಜಿಯೇ, ನಿನ್ನೆ ಸಂಜೆ ವಿಶ್ವಜಿತ್ ಹೇಳಿದ್ದು ಅಷ್ಟೇ, ನಮ್ಮ ವಿಭಾಗದ ಮುಖ್ಯಸ್ಥ, ದನಿ ಏರಿಸದ ಮನುಷ್ಯ, ಸಾಫ್ಟ್‌ವೇರ್ ಸರಿಯಿತ್ತು ಎಂದು ಹದಿನೇಳು ವರ್ಷದಿಂದ ಇದೇ ಕುರ್ಚಿಯಲ್ಲಿರುವ ನಾನು ಹೇಳಿದರೆ ತಪ್ಪು ಯಂತ್ರ ನಡೆಸುತ್ತ ಗಾಯಗೊಂಡ ಸೋಮಣ್ಣನದಾಗುತ್ತದೆ, ಕಡತ ಮುಚ್ಚುತ್ತದೆ. ಆಗಸ್ಟಿನಲ್ಲೂ ಹೀಗೇ ಓಡಿದ್ದವು, ಹಳೆಯ ಕಂಪ್ಯೂಟರ್ ತೆಗೆದು ಹೊಸದು ತಂದಿಟ್ಟ ದಿನ, ಸಿಲಿಂಡರಿಗೆ ನೀರು ನೂಕಿ ಒತ್ತಡ ಪರೀಕ್ಷಿಸುವ ಯಂತ್ರದ ಪ್ರೋಗ್ರಾಮನ್ನು ಹೊಸದಕ್ಕೆ ಸಾಗಿಸಬೇಕಿತ್ತು, ನೂರಾ ನಲವತ್ಮೂರು ಸಾಲು, ಓದಲು ಎರಡು ದಿನವಾದರೂ ಬೇಕಿತ್ತು, ನಾನು ಆಜ್ಞೆಯ ಸಾಲಿನಲ್ಲಿ ಒಂದು ಅಡ್ಡಗೆರೆ, ಒಂದು ಅಕ್ಷರ ಸೇರಿಸಿದೆ, ಎಚ್ಚರಿಕೆ ಯಾವುದನ್ನೂ ಹೇಳಬೇಡ ಎಂಬುದಕ್ಕೆ ಅಷ್ಟು ಸಾಕು, ಪರದೆ ತೊಳೆದಿಟ್ಟ ಹಾಗಾಯಿತು — ವಿಶ್ವಜಿತ್ ಹಾಗೆ ಮಾಡು ಎಂದಿದ್ದನೇ, ಅಂದಿದ್ದನೆಂದು ನೆನಪಿಸಿಕೊಳ್ಳಲು ಮೂರು ದಿನದಿಂದ ನೋಡುತ್ತಿದ್ದೇನೆ, ಅಂದಿರಲಿಲ್ಲ, ಅವನು ಅಂದು ಊರಲ್ಲೇ ಇರಲಿಲ್ಲ, ಐದೂವರೆ ದಾಟಿದರೆ ಅಮೀರ್‌ಪೇಟೆಯಲ್ಲಿ ಮೆಟ್ರೋ ಹತ್ತುವುದು ಕಷ್ಟ, ಕೂಕಟ್‌ಪಲ್ಲಿವರೆಗೆ ನಿಂತೇ ಹೋಗಬೇಕು, ಕಾರಣ ಇಷ್ಟೇ, ಕೂರಲು ಜಾಗ.

ಎಪ್ಪತ್ತೆರಡನೆಯ ಎಚ್ಚರಿಕೆ, ಇದೇ, ಪಠ್ಯದ ಒಂದು ಸಾಲನ್ನು ನಕಲು ಮಾಡಿ ಆ ನಕಲಿನ ವಿಳಾಸ ಕೊಡುವ ಫಂಕ್ಷನ್, ಎಲ್ಲ ಯಂತ್ರಗಳಲ್ಲಿ ಸಿಗುವಂಥದ್ದಲ್ಲ, ಕಂಪೈಲರ್ ಹೇಳುತ್ತಿದೆ ಇದರ ಪರಿಚಯ ನನಗಿಲ್ಲ, ಇದು ಕೊಡುವುದು ಒಂದು ಸಾಮಾನ್ಯ ಸಂಖ್ಯೆ ಎಂದುಕೊಳ್ಳುತ್ತೇನೆ, ಹಳೆಯ ಯಂತ್ರದಲ್ಲಿ ಸಂಖ್ಯೆಯೂ ವಿಳಾಸವೂ ಒಂದೇ ಅಳತೆ, ನಡೆಯುತ್ತಿತ್ತು, ಹೊಸದರಲ್ಲಿ ವಿಳಾಸ ಎರಡರಷ್ಟು ಉದ್ದ, ಅರ್ಧ ಕತ್ತರಿಸಿಹೋಗುತ್ತದೆ, ಚಿಕ್ಕ ವಿಳಾಸವಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಆರಿಸದೆ ಹತ್ತೊಂಬತ್ತು ದಿನ ಓಡಿಸಿದರೆ ವಿಳಾಸಗಳು ಬೆಳೆಯುತ್ತವೆ, ಅಪಘಾತವಾದ ಸೋಮವಾರ ಹತ್ತೊಂಬತ್ತನೆಯ ದಿನ. ಪ್ರೋಗ್ರಾಮಿನಲ್ಲಿ ಆ ಸಾಲಿನ ಮೇಲ್ಗಡೆಯೇ ಹನುಮಂತರಾಯರ ಟಿಪ್ಪಣಿ, ಪ್ರೋಗ್ರಾಂ ಬರೆದವರು ಅವರೇ, ಈ ಫಂಕ್ಷನ್ ಎಲ್ಲ ಕಡೆ ಇರುವುದಿಲ್ಲ, ಬೇರೆ ಯಂತ್ರಕ್ಕೆ ಒಯ್ಯುವಾಗ ನೋಡಿಕೊಳ್ಳಿ, ತಾರೀಖಿನ ಸಮೇತ, ರಾಯರು ತೀರಿಕೊಂಡು ಎರಡು ವರ್ಷ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಕ್ಕ ಕೂತು ಹೇಳುತ್ತಿದ್ದರು, ವಾರ್ನಿಂಗ್ ಅಂದ್ರ ಬೈಗಳ ಅಲ್ಲ ತಂಗಿ, ಓದವ್ವಾ, ಒಂದೊಂದೇ ಓದು. ಬರೆದವರು ರಾಯರು, ತಪ್ಪೂ ಅವರದೇ ಎಂದರೂ ಆಗುತ್ತದೆ, ಸತ್ತವರು ವಿಚಾರಣೆಗೆ ಬರುವುದಿಲ್ಲ, ಈ ಟಿಪ್ಪಣಿ ಅಳಿಸಲು ಒಂದು ಗುಂಡಿ ಸಾಕು — ಬೆರಳು ಗುಂಡಿಯ ಮೇಲೇ ಇದೆ, ಎಷ್ಟು ಹೊತ್ತಿನಿಂದ ಇದೆಯೋ, ತೆಗೆದೆ.

ನಿನ್ನೆ ಮಧ್ಯಾಹ್ನ ಆಸ್ಪತ್ರೆ, ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನಿಂದ ನಡೆದುಹೋದೆ, ಬಿಸಿಲಿತ್ತೇ, ಇದ್ದಿರಬೇಕು, ಎಲ್ಲರ ತಲೆಯ ಮೇಲೂ ಬಟ್ಟೆಯಿತ್ತು, ಸೋಮಣ್ಣನ ಬಲಗೈ ಬಿಳಿ ಗಂಟಿನ ಹಾಗೆ ದಿಂಬಿನ ಮೇಲಿತ್ತು, ಮೂರು ಬೆರಳು ಹೋಗಿವೆ ಎಂದು ಹೊರಗೇ ನರ್ಸ್ ಹೇಳಿದ್ದಳು. ರಾಯಚೂರಿನವನು, ಇಪ್ಪತ್ತು ವರ್ಷದಿಂದ ಆ ಯಂತ್ರದ ಮುಂದೆ ನಿಂತವನು, ನನ್ನ ಕಂಡು ಏಳಲು ಹೋದ. ಸೊನ್ನಿ ಕಂಡಿತ್ತರಿ ಅಕ್ಕಾರ, ಪಂಪ್ ಚಾಲೂ ಮಾಡಿದ್ನಿ, ಸ್ಕ್ರೀನ್ ಮ್ಯಾಲ ಸೊನ್ನೀನೇ ಐತಿ, ಏರವಲ್ದು, ನಟ್ ಸಡಲ ಆಗೈತೇನೋ ಅಂತ ಕೈ ಹಾಕಿದ್ನಿ, ಆದ್ರ ಎಲ್ಲಾರೂ ಸೊನ್ನಿ ಇರಲಿಲ್ಲ ಅನ್ನಾಕತ್ತಾರ, ಈಗ ನನಗೂ ಖಾತ್ರಿ ಇಲ್ಲರಿ, ನನ್ನ ಕಣ್ಣೇ ಮೋಸ ಮಾಡಿರಬೇಕು. ಅವನ ಹೆಂಡತಿ ಸುಭದ್ರಾ ಗೋಡೆ ನೋಡುತ್ತ ಹೇಳಿದಳು, ಒಂದಿನಾನೂ ಅವಸರ ಮಾಡಿದವರಲ್ಲರಿ ಇವ್ರು. ಸೊನ್ನೆಯಿತ್ತು, ಸೋಮಣ್ಣ, ಪ್ರೋಗ್ರಾಂ ಆ ಗಳಿಗೆಯಲ್ಲೇ ನಿಂತುಹೋಗಿತ್ತು, ನಿಂತಾಗ ಪರದೆಯ ಮೇಲಿದ್ದ ಸೊನ್ನೆ ಹಾಗೇ ಉಳಿಯಿತು, ಕೆಳಗೆ ಪಂಪು ನೂಕುತ್ತಲೇ ಇತ್ತು, ನೀನು ಮುಟ್ಟಿದ ನಟ್ಟು ಒತ್ತಡಕ್ಕೆ ಸಿಡಿಯಿತು, ಅಪಾಯದ ಗಂಟೆ ಬಾರಿಸಬೇಕಾದದ್ದೂ ಅದೇ ಪ್ರೋಗ್ರಾಂ — ಇದಾವುದನ್ನೂ ನಾನು ಹೇಳಲಿಲ್ಲ, ಅನುಮಾನವಿತ್ತು, ಖಾತ್ರಿಯಿರಲಿಲ್ಲ ಎಂದುಕೊಂಡು ಬಸ್ಸು ಹತ್ತಿದೆ, ಆ ರಾತ್ರಿ ಊಟ ಮಾಡಿದೆ, ನಿದ್ದೆಯೂ ಬಂತು.

ವಿಚಾರಣೆಯ ಕೋಣೆಯಲ್ಲಿ ಏಸಿ ಜೋರು, ಮೇಜಿನ ಆ ಬದಿಗೆ ಮೂವರು, ನಡುವೆ ವಿಶ್ವಜಿತ್, ನನ್ನ ಮಾತು ನನಗೇ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿದೆ, ಪರದೆಯ ಮೇಲೆ ಸೊನ್ನೆಯೇ ಇತ್ತು, ಆಪರೇಟರ್ ಸುಳ್ಳು ಹೇಳುತ್ತಿಲ್ಲ, ಕಂಪೈಲರ್ ಎಚ್ಚರಿಸಿತ್ತು, ಎಚ್ಚರಿಕೆಗಳ ಬಾಯಿ ಮುಚ್ಚಿಸಿದವಳು ನಾನು, ಮುದ್ರಿಸಿ ತಂದ ನೂರಾ ನಲವತ್ಮೂರು ಸಾಲುಗಳನ್ನು ಮುಂದೆ ಸರಿಸಿದೆ, ಜೊತೆಗೆ ಪ್ರೋಗ್ರಾಮಿನ ಆ ಪುಟ, ರಾಯರ ಟಿಪ್ಪಣಿಯ ಕೆಳಗೆ ಗೆರೆ ಎಳೆದಿದ್ದೆ. ವಿಶ್ವಜಿತ್ ಪೆನ್ನಿನ ಟೋಪಿ ಹಾಕಿ, ಸೋಚ್‌ಕೇ ಬೋಲ್ ರಹೀ ಹೈಂ ನಾ ಎಂದ, ಯೋಚಿಸಿಯೇ ಹೇಳುತ್ತಿದ್ದೇನೆಯೇ ಎಂದು, ಹೌದು ಎಂದೆ, ಕನ್ನಡದಲ್ಲೇ ಬಂತು, ಅವನಿಗೆ ಅರ್ಥವಾಯಿತು. ಬರೆದುಕೊಂಡರು, ಓದಿಸಿದರು, ಸಹಿ ಮಾಡಿದೆ, ಕರೆಯುವವರೆಗೆ ಕೆಲಸಕ್ಕೆ ಬರಬೇಡಿ, ಪಾಸು ಗೇಟಿನಲ್ಲಿ ಕೊಟ್ಟುಹೋಗಿ, ಕೊಟ್ಟೆ, ಕಾವಲಿನವನು ಏಮೈಂದಿ ಮೇಡಂ, ಏನಾಯಿತು ಎಂದು ಕೇಳಿದ, ಏನೂ ಇಲ್ಲ ಎಂದೆ, ಏನೂ ಅನಿಸುತ್ತಲೂ ಇರಲಿಲ್ಲ, ಬಿಸಿಲಲ್ಲಿ ನಿಂತು ಸುಭದ್ರಾಗೆ ಫೋನು ಮಾಡಿದೆ, ಹೇಳಬೇಕಾದದ್ದನ್ನು ಎರಡು ಸಲ ಹೇಳಿದೆ, ಅವರು ಸೊನ್ನೆ ನೋಡಿದ್ದು ನಿಜ, ಬರೆದು ಸಹಿ ಹಾಕಿಕೊಟ್ಟಿದ್ದೇನೆ, ತಪ್ಪು ನನ್ನದು. ಅವಳು ಗಂಡನಿಗೆ ಹೇಳುವುದು ಕೇಳಿಸಿತು, ಅವನೇನೆಂದನೋ ಕೇಳಿಸಲಿಲ್ಲ, ಬೈಯಲಿ ಎಂದು ಕಾದೆ. ಅಕ್ಕಾರ, ಎಂದಳು, ಇವ್ರು ನೀರಿನ ಬಾಟ್ಲಿ ಮೊಣಕಾಲ ನಡಕ ಇಟಗೊಂಡು ಎಡಗೈಲೆ ಮುಚ್ಚಳ ತಿರುವಾಕತ್ತಾರ, ಡ್ಯೂಟಿಗೆ ಕರದರ ರೂಢಿ ಇರಬೇಕಂತ್ರಿ — ಬಸ್ಸು ಬಂತು, ಹೋಯಿತು, ಇನ್ನೊಂದು ಬಂತು, ಮೊಣಕಾಲ ನಡುವೆ ಬಾಟಲಿ, ಎಡಗೈ, ಮುಚ್ಚಳ ಹಿಡಿಯುವುದಿಲ್ಲ, ಜಾರುತ್ತದೆ, ಎತ್ತಿ ಇಡುತ್ತಾನೆ, ಎಡಗೈ, ಮುಚ್ಚಳ, ಜಾರುತ್ತದೆ, ಎತ್ತಿ ಇಡುತ್ತಾನೆ, ಎಡಗೈ