ಎರಡು ಹೆಸರಿಗೆ ಅಳೆದ ಬೆನ್ನು

ಅಕ್ಕ ಕಾಲೇಜಿನಲ್ಲಿ ಪ್ರಾಚೀನ ಗ್ರೀಕ್ ಕಲಿಸುತ್ತಾಳೆ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ. ಅವಳು ಓದಲು ಹೋದಾಗ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಆ ಒಬ್ಬರು ನಾನಾದೆ. ಇದನ್ನು ನಾನು ಎಂದೂ ಎತ್ತಿ ಆಡಿದವಳಲ್ಲ. ಇವತ್ತು ಆಡುತ್ತಿದ್ದೇನೆ.

ಗ್ರೀಕಿನ ಹುಚ್ಚು ಹತ್ತಿದ್ದು ಅಪ್ಪ ಹೋದ ಮೇಲೆ. ಭಾನುವಾರ ಅಕ್ಕನ ಮನೆಯಲ್ಲಿ ಊಟ. ಊಟವಾದ ಮೇಲೆ ಅವಳು ಮರುದಿನದ ಪಾಠ ತೆಗೆಯುತ್ತಿದ್ದಳು, ನಾನು ತಟ್ಟೆ ಒರೆಸುತ್ತ ಅದೇನು ಇದೇನು ಎಂದು ಕೇಳುತ್ತಿದ್ದೆ. ಅವಳು ವಿಭಕ್ತಿ, ಕಾಲ, ಪ್ರತ್ಯಯ ಎಂದು ಪಟ್ಟಿ ಒಪ್ಪಿಸಿದರೆ ನನಗೆ ತಲೆ ಗಿರ್ರೆನ್ನುತ್ತಿತ್ತು.

"ಪಟ್ಟಿ ಆಮೇಲೆ ಹೇಳೇ. ಅಲ್ಲಿ ಏನು ನಡೀತಿದೆ ಅದನ್ನ ಹೇಳು ಮೊದಲು" ಎಂದೆ ಒಂದು ದಿನ.

ನಮ್ಮ ಪದ್ಧತಿ ಅಲ್ಲಿಂದ ಶುರು. ಅವಳು ಒಂದು ವಾಕ್ಯ ಓದುವುದು. ಇಬ್ಬರೂ ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವುದು. ಎರಡೂ ಕೂಡದಿದ್ದರೆ ಜಗಳ. ಜಗಳ ಮುಗಿದ ಮೇಲೆ ವ್ಯಾಕರಣ. ಎಲ್ಲವನ್ನೂ ನಾನೇ ಹೊಲಿದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆವು. ಅವಳದು ನೀಲಿ ಶಾಯಿ, ನನ್ನದು ಕಿವಿಯ ಹಿಂದೆ ಸದಾ ಇರುವ ಪೆನ್ಸಿಲ್. ಆರು ವರ್ಷಕ್ಕೆ ಒಂಬತ್ತು ನೋಟ್‌ಬುಕ್ ತುಂಬಿದವು.

ಸೈನಿಕನ ವಾಕ್ಯ ನನಗೆ ಈಗಲೂ ಬಾಯಿಪಾಠ. ಒಬ್ಬ ಸೈನಿಕ ಒಂಟಿಯಾಗಿ ನದಿಗೆ ಬರುತ್ತಾನೆ, ಅಲ್ಲಿ 'ಲೂಎತೈ'. ಅಕ್ಕ ಕನ್ನಡಕ ಸರಿಮಾಡಿಕೊಂಡು, "ಕರ್ಮಣಿ ಪ್ರಯೋಗ. ತೊಳೆಯಲ್ಪಡುತ್ತಾನೆ" ಎಂದಳು.

"ಯಾರು ತೊಳೀತಾರೆ?"

"ಯಾರೋ ತೊಳೀತಾರೆ. ರೂಪ ಹಾಗಿದೆ."

"ಒಬ್ಬನೇ ಬಂದಿದಾನೆ ಅಂತ ನೀನೇ ಓದಿದೆಯಲ್ಲೇ! ಬೆನ್ನುಜ್ಜೋಕೆ ಅವನ ಅತ್ತೆ ಬಂದಿದ್ಳಾ?"

ಪೇಪರಿನ ಹಿಂದೆ ಕೂತಿದ್ದ ಭಾವ ಕೂಡ ನಕ್ಕುಬಿಟ್ಟರು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ಪಟ್ಟಿ ನೋಡಿದಳು. ಆ ರೂಪಕ್ಕೆ ತನ್ನನ್ನು ತಾನೇ ತೊಳೆದುಕೊಳ್ಳುವುದು ಎಂಬ ಅರ್ಥವೂ ಇತ್ತು. "ನಿನಗೆ ಇದೆಲ್ಲ ಹೇಗೆ ಹೊಳೆಯುತ್ತೇ?" ಎಂದಳು. ಆ ಭಾನುವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಇದನ್ನೆಲ್ಲ ಪುಸ್ತಕ ಮಾಡೋಣ ಎಂದವಳು ಅವಳೇ. "ನಮ್ಮಿಬ್ಬರ ಹೆಸರಲ್ಲಿ" ಎಂದವಳೂ ಅವಳೇ. ಒಂಬತ್ತೂ ನೋಟ್‌ಬುಕ್ ಇಟ್ಟುಕೊಂಡು ಅಚ್ಚಿಗೆ ಬರೆದುಕೊಟ್ಟವಳೂ ಅವಳೇ. ನಾನು ಹೈಸ್ಕೂಲು ಮುಗಿಸದವಳು. ಊರವರ ಪುಸ್ತಕಗಳಿಗೆಲ್ಲ ಚಿನ್ನದ ಅಕ್ಷರ ಒತ್ತಿದ್ದೆ. ನನ್ನ ಹೆಸರನ್ನು ಒಮ್ಮೆಯೂ ಒತ್ತಿರಲಿಲ್ಲ. ಹೊಟ್ಟೆಯೊಳಗೆ ಆಸೆ ಕೂತುಬಿಟ್ಟಿತು. ಪುಸ್ತಕ ಕಪಾಟಿನಲ್ಲಿ ನಿಂತಾಗ ನಮಗೆ ಕಾಣುವ ಅಂಚಿಗೆ ನಾವು ಬೆನ್ನು ಎನ್ನುತ್ತೇವೆ. ಅದರುದ್ದಕ್ಕೆ ಎರಡು ಹೆಸರು ಎರಡು ಸಾಲಾಗಿ ಕೂರಬೇಕಾದರೆ ಬೆನ್ನು ದಪ್ಪಗಿರಬೇಕು. ಪ್ರೆಸ್ಸಿನವನ ತಲೆ ತಿಂದು ದಪ್ಪ ಕಾಗದವನ್ನೇ ಹಾಕಿಸಿದೆ. ಹಿತ್ತಾಳೆ ಅಕ್ಷರ ಜೋಡಿಸಿ, ಕಾಯಿಸಿ, ಒಂದು ಬಟ್ಟೆಚೂರಿನ ಮೇಲೆ ಇಬ್ಬರ ಹೆಸರನ್ನೂ ಒತ್ತಿ ನೋಡಿದೆ. ಮೇಲೆ ಅಕ್ಕ, ಕೆಳಗೆ ನಾನು. ಆ ಚೂರನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ, ಹದಿನಾರರ ಹುಡುಗಿಯಂತೆ.

ಮಂಗಳವಾರ ಬೆಳಿಗ್ಗೆ ಅಚ್ಚಾದ ಹಾಳೆಗಳ ಕಟ್ಟು ಬಂತು. ತಂದವರು ಭಾವ. ನನ್ನ ಮುಖ ನೋಡದೆ ಇಳಿಸಿ, ಕಾರು ತಪ್ಪು ಜಾಗದಲ್ಲಿ ನಿಲ್ಲಿಸಿದ್ದೇನೆ ಎಂದು ಓಡಿದರು. ಮೇಲಿದ್ದ ಚೀಟಿಯಲ್ಲಿ ಬೆನ್ನಿನ ಮೇಲೆ ಒತ್ತಬೇಕಾದ್ದು ಬರೆದಿತ್ತು: ಪುಸ್ತಕದ ಹೆಸರು, ಅಕ್ಕನ ಹೆಸರು. ಅವಸರದಲ್ಲಿ ನನ್ನದು ಬಿಟ್ಟಿದ್ದಾರೆ ಅಂದುಕೊಂಡು ನಾನೇ ಪೆನ್ಸಿಲ್‌ನಲ್ಲಿ ಸೇರಿಸಿದೆ. ನಾಚಿಕೆಯಾಗುತ್ತದೆ ಹೇಳಲು, ಆದರೆ ಸೇರಿಸಿದೆ.

ಆಮೇಲೆ ಹಾಳೆ ಮಡಿಸುತ್ತ ಓದಿದೆ. ಪುಸ್ತಕವೆಲ್ಲ ಗುರು ಮತ್ತು ಶಿಷ್ಯೆಯ ಸಂಭಾಷಣೆ. ನಾಲ್ಕನೆಯ ಪಾಠದಲ್ಲಿ ಸೈನಿಕ ಬಂದ. ಶಿಷ್ಯೆ ಹೇಳುತ್ತಾಳೆ: "ತೊಳೆಯಲ್ಪಡುತ್ತಾನೆ." ಗುರು ಹೇಳುತ್ತಾಳೆ: "ಅಯ್ಯೋ ಪೆದ್ದಿ! ಬೆನ್ನುಜ್ಜಲು ಅವನ ಅತ್ತೆ ಬಂದಿದ್ದಳೇನು?"

ಮಡಿಸುವುದನ್ನು ನಿಲ್ಲಿಸಿದೆ. ಹಿಂದೆ ಮುಂದೆ ತಿರುವಿದೆ. ಪೆನ್ಸಿಲ್‌ನಲ್ಲಿದ್ದದ್ದೆಲ್ಲ ಗುರುವಿನ ಬಾಯಲ್ಲಿ, ನೀಲಿ ಶಾಯಿಯ ತಪ್ಪುಗಳೆಲ್ಲ ಶಿಷ್ಯೆಯ ಬಾಯಲ್ಲಿ. ಪ್ರತಿ ಪಾಠದ ಕೊನೆಗೂ ಶಿಷ್ಯೆ ಕೈಮುಗಿದು ಒಂದೇ ಮಾತು ಹೇಳುತ್ತಾಳೆ: "ನನಗೆ ತಿಳಿಯದು ಗುರುಗಳೇ, ತಾವೇ ಹೇಳಬೇಕು."

ಅಂಟು ಮೆತ್ತಿದ ಕೈಯಲ್ಲೇ ಅಕ್ಕನ ಮನೆಗೆ ಹೋದೆ.

"ಹೆಸರು ಎಲ್ಲಿ ಅಕ್ಕ?"

ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. "ಕೂತ್ಕೋ. ಬೈಂಡಿಂಗ್ ಮಾಡೋಳ ಹೆಸರಿದ್ರೆ ಇದನ್ನ ಪಠ್ಯ ಮಾಡ್ತಾರೇನೇ? ನೀನೇ ಯೋಚನೆ ಮಾಡು."

"ಹೋಗಲಿ ಹೆಸರು. ನಿನ್ನ ತಪ್ಪನ್ನೆಲ್ಲ ನನ್ನ ತಲೆಗೆ ಯಾಕೆ ಕಟ್ಟಿದೆ?"

"ನಿನ್ನ ತಲೆಗೆ ಯಾರು ಕಟ್ಟಿದ್ರು? ಅದು ಶಿಷ್ಯೆ ಕಣೇ, ಯಾರೋ ಒಬ್ಬಳು. ಗುರುವೇ ತಪ್ಪು ಮಾಡಿದ್ರೆ ಪುಸ್ತಕ ಯಾರು ಓದ್ತಾರೆ?"

"ಭಾವನಿಗೆ ಗೊತ್ತಿತ್ತಾ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನೀನು ಇದನ್ನ ದೊಡ್ಡದು ಮಾಡ್ತೀಯ ಅಂತ ಅವರು ಮೊದಲೇ ಹೇಳಿದ್ರು."

ಬೈಯಬೇಕಿತ್ತು. ತಿರುಗಿ ಹೊರಗೆ ಬಂದೆ. ಅಪ್ಪನ ಹಾಸಿಗೆಯ ಪಕ್ಕ ಕಳೆದ ವರ್ಷಗಳನ್ನು ಬೇಕಾದರೆ ಇಟ್ಟುಕೊಳ್ಳಲಿ, ಅವನ್ನು ನಾನೇ ಕೊಟ್ಟದ್ದು. ಈ ಭಾನುವಾರಗಳನ್ನು ನಾನು ಕೊಟ್ಟಿರಲಿಲ್ಲ.

ಮುನ್ನೂರು ಪ್ರತಿಯನ್ನೂ ಕಟ್ಟಿದೆ. ಹೊಲಿಗೆ ಒಂದೂ ಸಡಿಲವಿಲ್ಲ; ಸಿಟ್ಟಿಗೆ ಕೆಲಸ ಕೆಡಿಸುವ ಜಾಯಮಾನ ನನ್ನದಲ್ಲ. ಆದರೆ ಅಕ್ಕನ ಹೆಸರನ್ನು ಬೆನ್ನಿನ ನಡುವಿಗೆ ತರಲಿಲ್ಲ. ಅಳತೆ ಮಾಡಿದ್ದ ಮೇಲಿನ ಸಾಲಿನಲ್ಲೇ ಒತ್ತಿದೆ. ಕೆಳಗಿನ ಸಾಲು ಮುನ್ನೂರರಲ್ಲೂ ಖಾಲಿ.

ಬಿಡುಗಡೆಯ ದಿನ ಕಾಲೇಜಿನ ಸಭಾಂಗಣದಲ್ಲಿ ಮೂರನೆಯ ಸಾಲಿನಲ್ಲಿ ಕೂತೆ. ಅಕ್ಕನ ಎರಡು ಪಾಠದ ಓದು, ಹೊಗಳಿಕೆ ಎಲ್ಲ ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಎದ್ದಳು. "ಮೇಡಂ, ನಿಮ್ಮ ಪದ್ಧತಿಯಲ್ಲಿ ಇದೊಂದನ್ನ ಬಿಡಿಸಿ ಹೇಳ್ತೀರಾ?" ಎಂದು ಪುಸ್ತಕದಲ್ಲಿಲ್ಲದ ವಾಕ್ಯವೊಂದನ್ನು ಓದಿದಳು. ಸವಾರ ಬಿದ್ದುಹೋದ, ಕುದುರೆ ದಾರಿಯಲ್ಲಿ ನಿಂತಿತು. ಮತ್ತದೇ ಬಗೆಯ ರೂಪ. ಯಾರಾದರೂ ನಿಲ್ಲಿಸಿದರೋ, ತಾನೇ ನಿಂತಿತೋ?

ಅಕ್ಕ ಕನ್ನಡಕ ಸರಿಮಾಡಿಕೊಂಡಳು. ಪುಟ ತಿರುವಿದಳು. ಆಮೇಲೆ, ಆರು ವರ್ಷದ ಅಭ್ಯಾಸ ನೋಡಿ, ಕತ್ತೆತ್ತಿ ನನ್ನನ್ನು ಹುಡುಕಿದಳು. ತಟ್ಟೆ ಒರೆಸುವವಳನ್ನು ನೋಡುತ್ತಿದ್ದ ಅದೇ ನೋಟ. ಸಾಲಿನವರೆಲ್ಲ ನನ್ನತ್ತ ತಿರುಗಿದರು.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಲಗಾಮು ಹಿಡಿಯುವವನು ನೆಲದ ಮೇಲೆ ಬಿದ್ದಿರುವಾಗ ನಿಲ್ಲಿಸುವವರು ಯಾರು? ಎದ್ದು ನಿಂತೆ. ಕೈಮುಗಿದೆ.

"ನನಗೆ ತಿಳಿಯದು ಗುರುಗಳೇ, ತಾವೇ ಹೇಳಬೇಕು."

ಪುಸ್ತಕದ ಸಾಲು ಗುರುತು ಹತ್ತಿ ಸಭೆಯೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂದುಕೊಂಡಿರಬೇಕು. ಅಕ್ಕ ಮಾತ್ರ ನಗಲಿಲ್ಲ. ಮೈಕಿನ ಮುಂದೆ ನಿಂತೇ ಇದ್ದಳು.

ಭಾನುವಾರ ನಾನು ಹೋಗಲಿಲ್ಲ. ಒಬ್ಬಳೇ ಊಟ ಮಾಡಿ, ಹೊಸದೊಂದು ನೋಟ್‌ಬುಕ್ ಹೊಲಿದು, ಕುದುರೆಯ ವಾಕ್ಯ ಬರೆದೆ. ಕೆಳಗೆ ಪೆನ್ಸಿಲ್‌ನಲ್ಲಿ ನನ್ನ ಅರ್ಥ ಬರೆದೆ. ಸರಿಯಾಗಿಯೇ ಇತ್ತು. "ಅಲ್ಲ ಕಣೇ, ರೂಪ ಹಾಗಿಲ್ಲ" ಎಂದು ಜಗಳ ತೆಗೆಯಲು ಮೇಜಿನ ಆಚೆ ಯಾರೂ ಇರಲಿಲ್ಲ.