ಶೆಟ್ಟೆಪ್ಪನ ಮನೆಯ ನಗು

ಕುಣಿಯೊಳಗೆ ಇಳಿದಿದ್ದ ಸೋಮಪ್ಪ ಶೆಟ್ಟೆಪ್ಪನ ಹೆಣವನ್ನು ಮಣ್ಣಿನ ಗೋಡೆಗೆ ಆನಿಸಿ ಕೂಡ್ರಿಸಿದ. ಜೋಲುತ್ತಿದ್ದ ತಲೆಯನ್ನು ಅಂಗೈಯಲ್ಲಿ ಹಿಡಿದು ಮೇಲೆ ನೋಡಿದ.

"ವಿ... ವಿಭೂತಿ ಕೊಡ್ರಿ."

"ವಿ... ವಿ... ವಿಭೂತಿ ಅಂತ!" ದಂಡೆಯ ಮೇಲೆ ನಿಂತಿದ್ದ ಹಿರಿಯ ಮಗ ಬಸವಣ್ಣೆಪ್ಪ ಅಣಕಿಸಿದ. ಅಪ್ಪ ಸತ್ತ ದಿನವೂ ಅವನ ನಾಲಿಗೆಗೆ ಬಿಡುವಿರಲಿಲ್ಲ. ಘೋಡಗೇರಿಯ ಮಂದಿ ನೆಲ ನೋಡಿದರು.

*

ಶೆಟ್ಟೆಪ್ಪ ಕಳ್ಳನಲ್ಲ, ಕುಡುಕನಲ್ಲ; ಅದಕ್ಕೆ ಬೇಕಾದ ಎದೆಯೂ ಅವನಿಗಿರಲಿಲ್ಲ. ಅಂಗಡಿ ಮುಚ್ಚಿ ಉಣ್ಣಲು ಕುಳಿತನೆಂದರೆ ಊರವರನ್ನು ಒಬ್ಬೊಬ್ಬರಾಗಿ ಹಿಡಿದು ಆಡಿಕೊಳ್ಳುವನು. ಹೆಂಡತಿ ಅಲ್ಲವ್ವ ರೊಟ್ಟಿ ಬಡಿಯುತ್ತಲೇ ಉಪ್ಪುಖಾರ ಹಚ್ಚುವಳು. ಹೆಚ್ಚು ನಗಿಸಿದ ಮಗನಿಗೆ ಹೆಚ್ಚು ತುಪ್ಪ.

ಪ್ಲೇಗಿನ ವರ್ಷ ಕಿರಿಯ ಮಗ ಲಕ್ಕಪ್ಪನಿಗೆ ಜ್ವರ ಬಂದಾಗ ಮುಟ್ಟಲು ತಂದೆಯೇ ಹೆದರಿದ. ಬಾಜೂ ಮನೆಯ ಸೋಮಪ್ಪ ಹುಡುಗನನ್ನು ಹೆಗಲ ಮೇಲೆ ಹೊತ್ತು ಹೊಲದ ಗುಡಿಸಲಿಗೆ ಒಯ್ದು ನೋಡಿಕೊಂಡ.

ಚೇತರಿಸಿಕೊಂಡು ಮನೆಗೆ ಬಂದ ಲಕ್ಕಪ್ಪ ಊಟದ ಹೊತ್ತಿಗೆ, "ಅಪ್ಪಾ, ಸೋಮಪ್ಪ ಕಾಕಾ ಭಾಳ ಛಲೋ ಮನಶ್ಯಾ," ಎಂದ.

"ಕೇಳಿದೇನ? ಆ ತೊದಲಗ ನಮ್ಮ ಮನ್ಯಾಗೊಬ್ಬ ಮಗಾ ಹುಟ್ಯಾನ!" ಎಂದ ಶೆಟ್ಟೆಪ್ಪ ಹೆಂಡತಿಗೆ.

"ಇನ್ನ ಇವನೂ ಅ... ಅ... ಅವ್ವಾ ಅಂತಾನ," ಎಂದಳು ಅಲ್ಲವ್ವ.

ಲಕ್ಕಪ್ಪ ಅತ್ತ. ಅತ್ತಿದ್ದಕ್ಕೆ ಇನ್ನಷ್ಟು ನಕ್ಕರು. ಮರುದಿನ ಉಣ್ಣುವಾಗ ಅವನೇ ಸೋಮಪ್ಪನಂತೆ ತೊದಲಿ ತೋರಿಸಿದ. ಅವ್ವ ಅವನ ರೊಟ್ಟಿಯ ಮೇಲೆ ತುಪ್ಪ ಸುರಿದಳು. ಆಮೇಲೆ ಅವನು ಯಾರ ಬಗ್ಗೆಯೂ ಒಳ್ಳೆಯ ಮಾತಾಡಲಿಲ್ಲ.

*

ಸೋಮಪ್ಪ ಹೆಣದ ಹಣೆಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕುಣಿಯಿಂದ ಮೇಲೆ ಬಂದ. ಕೈ ಜಾಡಿಸಿಕೊಂಡ.

"ನ... ನನ್ನ ಕೆಲಸಾ ಮುಗೀತು. ಮ... ಮಣ್ಣ ನೀವ ಎಳಕೋರಿ."

ಅವನು ಹೊರಟ. ಉಳಿದವರೂ ಹಿಡಿದಿದ್ದ ಸಲಿಕೆ ಕೆಳಗಿಟ್ಟು ಅವನ ಹಿಂದೆ ನಡೆದರು.

"ಹೋಗ್ಲಿ ಬಿಡು," ಎಂದ ಬಸವಣ್ಣೆಪ್ಪ. "ಒಂದ ದನಾ ಎದ್ದರ ಇಡೀ ದೊಡ್ಡೀನ ಏಳತೈತಿ."

ಲಕ್ಕಪ್ಪ ತೆರೆದ ಕುಣಿಯನ್ನು ನೋಡಿದ. ಏನಾಯಿತೋ, ಓಡಿಹೋಗಿ ಸೋಮಪ್ಪನ ಮುಂದೆ ಅಡ್ಡ ನಿಂತು ಕೈಜೋಡಿಸಿದ. ಅಳು ಒತ್ತಿ ಬಂದು ಮಾತು ತುಂಡಾಯಿತು.

"ಕಾ... ಕಾಕಾ... ತ... ತಪ್ಪಾತ್ರಿ..."

ಮಂದಿಯಲ್ಲಿ ಒಬ್ಬ, "ಥೂ! ಇವತ್ತರ ಅಣಕಿಸೂದ ಬಿಡೋ," ಎಂದ. ಸೋಮಪ್ಪ ಲಕ್ಕಪ್ಪನನ್ನು ಒಂದು ಗಳಿಗೆ ನೋಡಿ, ಬದಿಗೆ ಸರಿದು ಮುಂದೆ ಹೋದ.

ಕುಣಿಯ ದಂಡೆಯಲ್ಲಿ ಕುಳಿತಿದ್ದ ಅಲ್ಲವ್ವ ಹಿರಿಯ ಮಗನ ಕಾಲು ತಿವಿದಳು.

"ನೋಡಲ್ಲಿ, ನಿನಗಿಂತ ಛಂದ ಮಾಡ್ತಾನ!" ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಹೆಗಲು ಕುಲುಕತೊಡಗಿದವು.